ಇರುಳ ಸವಾರಿಗೆ ಸೈಕಲ್ ದೀಪ: ಕಡಿಮೆ ಖರ್ಚಿನಲ್ಲಿ ಸರಿಯಾದ ಆಯ್ಕೆ

ಮಾನ್ಯ ಸಭಿಕರೇ,

ಕತ್ತಲಾದ ಮೇಲೆ ಸೈಕಲ್ ತುಳಿಯುವವರಿಗೆ ಎಂಥ ದೀಪ ಬೇಕು, ಹೆಚ್ಚು ಹಣ ಸುರಿಯದೆ ಅದನ್ನು ಆರಿಸಿಕೊಳ್ಳುವುದು ಹೇಗೆ ಎಂಬುದಷ್ಟೇ ಇಂದಿನ ವಿಷಯ. ದೀಪದ ಡಬ್ಬಿಯ ಮೇಲೆ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುವ, ಬೆಳಕಿನ ಪ್ರಮಾಣ ಹೇಳುವ ಲುಮೆನ್ ಸಂಖ್ಯೆಯೊಂದನ್ನೇ ನೋಡಿ ಕೊಳ್ಳುವವರು ನಮ್ಮಲ್ಲಿ ಬಹಳ ಮಂದಿ. ಆ ಸಂಖ್ಯೆಯಿಂದ ತಿಳಿಯುವುದು ತೀರ ಅಲ್ಪ. ಬೆಳಕು ಎಲ್ಲಿ ಬೀಳುತ್ತದೆ, ಎಷ್ಟು ಹೊತ್ತು ಒಂದೇ ಸಮನಾಗಿ ನಿಲ್ಲುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಬಿಡದೆ ಕೇಳಿದರೆ ಅಗ್ಗದ ದೀಪಗಳ ನಡುವೆಯೇ ನಂಬಬಹುದಾದವು ಸಿಗುತ್ತವೆ ಎಂಬುದು ನನ್ನ ವಾದ.

ಸೈಕಲ್ ದೀಪಕ್ಕೆ ಎರಡು ಕೆಲಸಗಳಿವೆ. ಸವಾರರಿಗೆ ದಾರಿ ತೋರಿಸುವುದು ಒಂದು, ಸವಾರರನ್ನು ದಾರಿಯಲ್ಲಿರುವ ಇತರರಿಗೆ ತೋರಿಸುವುದು ಇನ್ನೊಂದು. ಇವೆರಡಕ್ಕೂ ಬೇಕಾಗುವ ಬೆಳಕು ಬೇರೆ ಬೇರೆ ಬಗೆಯದು. ಇವನ್ನು ಬೆರೆಸಿಕೊಂಡಾಗಲೇ ಹಣ ಪೋಲಾಗುತ್ತದೆ. ಬೀದಿದೀಪಗಳು ಸಾಲಾಗಿ ಉರಿಯುವ ರಸ್ತೆಯಲ್ಲಷ್ಟೇ ಓಡಾಡುವವರಿಗೆ ದಾರಿ ಹೇಗೂ ಕಾಣುತ್ತಿರುತ್ತದೆ. ಅವರಿಗೆ ಬೇಕಾದದ್ದು ದೂರದಿಂದಲೇ ಗಮನ ಸೆಳೆಯುವ ಸಣ್ಣ ದೀಪ. ಬೀದಿದೀಪವಿಲ್ಲದ ದಾರಿಯಲ್ಲಿ ಹೋಗುವವರಿಗೆ ಮಾತ್ರ ನೆಲವನ್ನು ಬೆಳಗುವ ಮುಂದೀಪ ಬೇಕೇ ಬೇಕು. ರಸ್ತೆ ಸಂಚಾರದ ಬಗ್ಗೆ 1968ರಲ್ಲಿ ಆದ ವಿಯೆನ್ನಾ ಒಪ್ಪಂದವು ಸೈಕಲ್ಲಿಗೆ ಮುಂದೆ ಬಿಳಿ ಅಥವಾ ಹಳದಿ ಬೆಳಕು, ಹಿಂದೆ ಕೆಂಪು ಬೆಳಕು, ಜೊತೆಗೆ ಹಿಂದೊಂದು ಕೆಂಪು ಪ್ರತಿಫಲಕ (ರಿಫ್ಲೆಕ್ಟರ್) ಇರಬೇಕೆಂದು ಹೇಳುತ್ತದೆ. ಈ ಬಣ್ಣಗಳು ಅಲಂಕಾರಕ್ಕಾಗಿ ಬಂದವಲ್ಲ. ಕತ್ತಲಲ್ಲಿ ಎದುರಿಗೆ ಕಾಣುವ ಬೆಳಕು ತನ್ನತ್ತ ಬರುತ್ತಿದೆಯೋ ತನ್ನಿಂದ ದೂರ ಹೋಗುತ್ತಿದೆಯೋ ಎಂಬುದನ್ನು ವಾಹನ ಓಡಿಸುವವರು ಬಣ್ಣದಿಂದಲೇ ತೀರ್ಮಾನಿಸುತ್ತಾರೆ. ಆದ್ದರಿಂದ ಮುಂದೆ ಕೆಂಪು ದೀಪವನ್ನೋ ಹಿಂದೆ ಬಿಳಿ ದೀಪವನ್ನೋ ಕಟ್ಟಿಕೊಳ್ಳುವುದು ದೀಪವೇ ಇಲ್ಲದೆ ಹೋಗುವಷ್ಟೇ ಅಪಾಯಕಾರಿ.

ಮುಂದೀಪ ಎಷ್ಟು ದೂರದವರೆಗೆ ಬೆಳಗಬೇಕು ಎಂಬುದನ್ನು ನಿರ್ಧರಿಸುವುದು ನಾವು ಹೋಗುವ ವೇಗ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋಗುವ ಸೈಕಲ್ ಒಂದು ಸೆಕೆಂಡಿನಲ್ಲಿ ಸುಮಾರು 7 ಮೀಟರ್ ಕ್ರಮಿಸುತ್ತದೆ. ಮುಂದಿರುವ ಹಳ್ಳವನ್ನು ಕಣ್ಣು ಗುರುತಿಸಿ ಕೈ ಬ್ರೇಕನ್ನು ಹಿಡಿಯುವುದಕ್ಕೆ ಒಂದೂವರೆ ಸೆಕೆಂಡ್ ಬೇಕೆಂದು ಇಟ್ಟುಕೊಂಡರೆ, ಬ್ರೇಕು ತಾಕುವ ಮೊದಲೇ 10 ಮೀಟರ್ ಕಳೆದಿರುತ್ತದೆ. ಒಣ ರಸ್ತೆಯಲ್ಲಿ ಹದವಾಗಿ ಬ್ರೇಕು ಹಿಡಿದರೆ ನಿಲ್ಲುವುದಕ್ಕೆ ಇನ್ನೂ 8 ಮೀಟರ್ ಬೇಕು. ಒಟ್ಟು 18 ಮೀಟರ್ ಆಯಿತು. ಇದೇ ಲೆಕ್ಕದಲ್ಲಿ ಗಂಟೆಗೆ 15 ಕಿಲೋಮೀಟರ್ ವೇಗಕ್ಕೆ 9 ಮೀಟರ್ ಸಾಕು. 30 ಕಿಲೋಮೀಟರಿಗೆ 24 ಮೀಟರ್ ಬೇಕು. ಮಳೆ ಬಿದ್ದ ರಸ್ತೆಯಲ್ಲಿ ಇವೆಲ್ಲವೂ ಹೆಚ್ಚುತ್ತವೆ. ನಿಧಾನವಾಗಿ ಹೋಗುವವರಿಗೆ ಸಾಧಾರಣ ದೀಪವೇ ಸಾಕಾಗುತ್ತದೆ ಎಂಬ ಮಾತಿಗೆ ಆಧಾರ ಈ ಲೆಕ್ಕವೇ. ಕೈಯಲ್ಲಿರುವ ದೀಪ ದುರ್ಬಲವಾಗಿದ್ದರೆ ವೇಗವನ್ನು ಅದಕ್ಕೆ ತಕ್ಕಂತೆ ಇಳಿಸುವುದೂ ಒಂದು ಪರಿಹಾರ, ಅದಕ್ಕೆ ಖರ್ಚೂ ಇಲ್ಲ.

ಈಗ ಲುಮೆನ್ ಸಂಖ್ಯೆಯ ವಿಷಯಕ್ಕೆ ಬರೋಣ. ದೀಪವೊಂದು ಎಲ್ಲ ದಿಕ್ಕುಗಳಿಗೂ ಚೆಲ್ಲುವ ಒಟ್ಟು ಬೆಳಕಿನ ಅಳತೆ ಲುಮೆನ್. ಒಂದು ಜಾಗದ ಮೇಲೆ ಬಿದ್ದ ಬೆಳಕಿನ ಅಳತೆ ಲಕ್ಸ್. ಒಂದು ಚದರ ಮೀಟರಿನ ಮೇಲೆ ಒಂದು ಲುಮೆನ್ ಹರಡಿದರೆ ಅದು ಒಂದು ಲಕ್ಸ್. ನೂರು ಲುಮೆನ್‌ಗಳನ್ನು ರಸ್ತೆಯ ಮೇಲೆ ಕಟ್ಟುನಿಟ್ಟಾಗಿ ಹಾಸುವ ದೀಪವು, ನಾನೂರು ಲುಮೆನ್‌ಗಳನ್ನು ಮರದ ಕೊಂಬೆಗಳಿಗೂ ಆಕಾಶಕ್ಕೂ ಎದುರು ಬರುವವರ ಕಣ್ಣಿಗೂ ಹಂಚುವ ದೀಪಕ್ಕಿಂತ ದಾರಿಯನ್ನು ಚೆನ್ನಾಗಿ ತೋರಿಸಬಲ್ಲದು. ದೂರ ಹೆಚ್ಚಿದಂತೆ ಬೆಳಕು ವರ್ಗದ ಪ್ರಮಾಣದಲ್ಲಿ ಕುಗ್ಗುತ್ತದೆ ಎಂಬುದನ್ನೂ ಮರೆಯಬಾರದು: 5 ಮೀಟರಿನಲ್ಲಿ 40 ಲಕ್ಸ್ ಇದ್ದದ್ದು 10 ಮೀಟರಿನಲ್ಲಿ 10 ಲಕ್ಸ್ ಆಗುತ್ತದೆ, 20 ಮೀಟರಿನಲ್ಲಿ ಎರಡೂವರೆಗೆ ಇಳಿಯುತ್ತದೆ. ಅದರ ಮೇಲೆ ಕಣ್ಣಿನ ಸ್ವಭಾವವೂ ಸೇರುತ್ತದೆ. ಬೆಳಕು ಎರಡು ಪಟ್ಟಾದರೂ ಕಣ್ಣಿಗೆ ಎರಡು ಪಟ್ಟು ಪ್ರಖರವಾಗಿ ಕಾಣುವುದಿಲ್ಲ; ಆದ್ದರಿಂದ 400 ಲುಮೆನ್ನಿನ ದೀಪವನ್ನು ಬಿಟ್ಟು 800 ಲುಮೆನ್ನಿನದಕ್ಕೆ ಹೆಚ್ಚು ಹಣ ತೆತ್ತವರಿಗೆ ಕಂಡುಬರುವ ವ್ಯತ್ಯಾಸ ನಿರೀಕ್ಷೆಗಿಂತ ಕಡಿಮೆಯೇ ಇರುತ್ತದೆ.

ಬೆಳಕಿನ ಆಕಾರದ ಮಹತ್ವವನ್ನು ಚೆನ್ನಾಗಿ ಅರಿತದ್ದು ಜರ್ಮನಿಯ ಸಂಚಾರ ನಿಯಮ. ಅಲ್ಲಿ ಸೈಕಲ್ಲಿನ ಮುಂದೀಪವು 10 ಮೀಟರ್ ದೂರದಲ್ಲಿ ತನ್ನ ಬೆಳಕಿನ ನಡುಭಾಗದಲ್ಲಿ ಕನಿಷ್ಠ 10 ಲಕ್ಸ್ ಕೊಡಬೇಕು. ಅದೇ ಹೊತ್ತಿಗೆ ಒಂದು ಗೆರೆಗಿಂತ ಮೇಲಕ್ಕೆ ಹೋಗುವ ಬೆಳಕು ಅತ್ಯಲ್ಪವಾಗಿರಬೇಕು. ಕಾರಿನ ತಗ್ಗುದೀಪದಂತೆ (ಲೋ ಬೀಮ್) ಬೆಳಕಿನ ಮೇಲಂಚು ಕತ್ತರಿಸಿದಂತೆ ನಿಂತುಬಿಡುತ್ತದೆ. ಮಂಜೂರಾದ ದೀಪದ ಮೇಲೆ ಅಲೆಯಾಕಾರದ ಗೆರೆಯೊಂದು, ಇಂಗ್ಲಿಷಿನ ಕೆ ಅಕ್ಷರ ಮತ್ತು ಒಂದು ಸಂಖ್ಯೆ ಕೆತ್ತಿರುತ್ತದೆ. ಆ ನಿಯಮ ನಮಗೆ ಅನ್ವಯಿಸದಿದ್ದರೂ ಆ ಗುರುತಿರುವ ದೀಪ ಕೈಗೆಟುಕುವ ಬೆಲೆಯಲ್ಲಿ ಸಿಕ್ಕರೆ ನಾನು ಬೇರೆ ಲೆಕ್ಕ ಹಾಕದೆ ಅದನ್ನೇ ಆರಿಸುತ್ತೇನೆ. ಗುರುತಿಲ್ಲದ ದೀಪವಾದರೆ ಅಂಗಡಿಯಲ್ಲೇ ಗೋಡೆಯ ಮೇಲೆ ಬೆಳಕು ಬಿಟ್ಟು ನೋಡಬಹುದು. ದುಂಡಗಿನ ಚುಕ್ಕೆ, ಸುತ್ತ ಮಸುಕಾದ ಬಳೆ ಮೂಡಿದರೆ ಅದು ಟಾರ್ಚಿನ ಬೆಳಕು. ಅಗಲವಾಗಿ ಹರಡಿ, ಮೇಲ್ಗಡೆ ಸಪಾಟಾದ ಅಂಚು ಕಂಡರೆ ಅದು ರಸ್ತೆಗಾಗಿ ಮಾಡಿದ ಬೆಳಕು.

ಸಾಮಾನ್ಯ ಟಾರ್ಚನ್ನೇ ಹ್ಯಾಂಡಲ್ಲಿಗೆ ಕಟ್ಟಿಕೊಂಡರೆ ಆಗದೇ ಎಂದು ಕೇಳುವವರಿದ್ದಾರೆ. ಆಗದೆಂದು ನಾನು ಹೇಳುವುದಿಲ್ಲ. ಕೈಯಲ್ಲಿ ಹಣವಿಲ್ಲದಾಗ ಅದು ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು. ಆದರೆ ಟಾರ್ಚಿನ ದುಂಡು ಬೆಳಕಿನ ಬಹುಪಾಲು ದಾರಿಗೆ ಬಾರದೆ ವ್ಯರ್ಥವಾಗುತ್ತದೆ, ಅದನ್ನು ಸಾಕಷ್ಟು ಕೆಳಕ್ಕೆ ಬಗ್ಗಿಸದಿದ್ದರೆ ಎದುರು ಬರುವವರ ಕಣ್ಣು ಕೋರೈಸುತ್ತದೆ. ಕಣ್ಣು ಕೋರೈಸಿದವರು ಕೆಲವು ಕ್ಷಣ ನಮ್ಮನ್ನೂ ನಮ್ಮ ಪಕ್ಕದಲ್ಲಿ ನಡೆದು ಹೋಗುತ್ತಿರುವವರನ್ನೂ ಕಾಣಲಾರರು. ವಯಸ್ಸಾದವರ ಕಣ್ಣು ಚೇತರಿಸಿಕೊಳ್ಳಲು ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ನಮ್ಮ ಸುರಕ್ಷತೆಗೆಂದು ತಂದ ದೀಪ ಇನ್ನೊಬ್ಬರಿಗೆ ಅಪಾಯ ತಂದೊಡ್ಡುವುದನ್ನು ಒಪ್ಪಿಕೊಳ್ಳಲು ಸಾಧ್ಯವಿಲ್ಲ.

ದೀಪವನ್ನು ಸರಿಯಾದ ಕೋನಕ್ಕೆ ಕೂರಿಸುವುದಕ್ಕೆ ಯಾವ ಸಲಕರಣೆಯೂ ಬೇಡ. ಕತ್ತಲಾದ ಮೇಲೆ ಸಮತಟ್ಟಾದ ನೆಲದಲ್ಲಿ, ಗೋಡೆಯಿಂದ 5 ಮೀಟರ್ ದೂರದಲ್ಲಿ ಸೈಕಲ್ಲನ್ನು ನೇರವಾಗಿ ಹಿಡಿದು ನಿಲ್ಲಿಸಬೇಕು. ನೆಲದಿಂದ ದೀಪ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಅಳೆದು ಗೋಡೆಯ ಮೇಲೆ ಅಷ್ಟೇ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಬೇಕು. ಬೆಳಕಿನ ಅತಿ ಪ್ರಖರವಾದ ನಡುಭಾಗ ಆ ಎತ್ತರದ ಅರ್ಧಕ್ಕೆ ಬಿದ್ದರೆ ಅದು ನೆಲವನ್ನು ಮುಟ್ಟುವುದು 10 ಮೀಟರ್ ದೂರದಲ್ಲಿ. ಮುಕ್ಕಾಲು ಎತ್ತರಕ್ಕೆ ಬಿದ್ದರೆ 20 ಮೀಟರ್ ದೂರದಲ್ಲಿ. ನಮ್ಮ ವೇಗಕ್ಕೆ ಒಪ್ಪುವ ಎತ್ತರವನ್ನು ಇವೆರಡರ ನಡುವೆ ಗೊತ್ತುಮಾಡಿಕೊಳ್ಳಬಹುದು. ಮೇಲಂಚು ಕತ್ತರಿಸಿದ ದೀಪವಾದರೆ ಆ ಅಂಚು ಗೆರೆಯಿಂದ ಕೆಳಗೇ ಇರುವಂತೆ ನೋಡಿಕೊಂಡರಾಯಿತು. ದೀಪವನ್ನು ತೀರ ಕೆಳಕ್ಕೆ ಬಗ್ಗಿಸುವುದೂ ತಪ್ಪೇ. ಮುಂಗಾಲಿಯ, ಅಂದರೆ ಮುಂದಿನ ಚಕ್ರದ, ಹತ್ತಿರ ಕಣ್ಣು ಕುಕ್ಕುವ ಬೆಳಕಿನ ಮಡುವೊಂದಿದ್ದರೆ ಕಣ್ಣು ಅದಕ್ಕೇ ಹೊಂದಿಕೊಂಡುಬಿಡುತ್ತದೆ, ಅದರಾಚೆಯ ಕತ್ತಲು ಇನ್ನಷ್ಟು ದಟ್ಟವಾಗುತ್ತದೆ. ಕಣ್ಣು ಕತ್ತಲಿಗೆ ಪೂರ್ತಿ ಪಳಗಲು 20ರಿಂದ 30 ನಿಮಿಷ ಬೇಕು. ಆ ಪಳಗುವಿಕೆಯನ್ನು ನಮ್ಮ ದೀಪವೇ ಕೆಡಿಸಬಾರದು.

ಎರಡನೆಯ ಪ್ರಶ್ನೆ, ಬೆಳಕು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು. ಇಂದು ಅಗ್ಗದ ದೀಪವೂ ಇಷ್ಟು ಬೆಳಗುತ್ತಿದ್ದರೆ ಅದಕ್ಕೆ ಕಾರಣ ನೀಲಿ ಎಲ್‌ಇಡಿ. ಅದನ್ನು ಸಾಧ್ಯವಾಗಿಸಿದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಮತ್ತು ಶೂಜಿ ನಕಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ನೀಲಿ ಬೆಳಕಿನ ಮೇಲೆ ಹಳದಿ ಹೊಳಪಿನ ರಾಸಾಯನಿಕ ಲೇಪನವನ್ನು ಹೊದಿಸಿ ಬಿಳಿ ಬೆಳಕನ್ನು ಪಡೆಯಲಾಗುತ್ತದೆ. ಹಳೆಯ ತಂತಿಯ ಬಲ್ಬು ಒಂದು ವ್ಯಾಟಿಗೆ 10ರಿಂದ 15 ಲುಮೆನ್ ಕೊಡುತ್ತಿದ್ದರೆ, ಸಾಧಾರಣ ಎಲ್‌ಇಡಿಯೇ 100 ಲುಮೆನ್ನಿನ ಆಸುಪಾಸಿನಲ್ಲಿ ಕೊಡುತ್ತದೆ. ಈ ಒಂದು ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಡಬ್ಬಿಯ ಮೇಲಿನ ಸುಳ್ಳುಗಳನ್ನು ಅಲ್ಲೇ ಹಿಡಿಯಬಹುದು.

ಒಂದು ಉದಾಹರಣೆ ನೋಡೋಣ. 1000 ಲುಮೆನ್, ಹತ್ತು ಗಂಟೆ ಉರಿಯುತ್ತದೆ, ಒಳಗೆ 18650 ಮಾದರಿಯ ಒಂದು ಲಿಥಿಯಂ ಸೆಲ್ ಇದೆ ಎಂದು ಬರೆದಿದೆ ಎಂದುಕೊಳ್ಳಿ. ಆ ಸಂಖ್ಯೆಯೇ ಹೇಳುವಂತೆ ಅದು 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಸೆಲ್. ಇಷ್ಟು ಗಾತ್ರದ ಒಳ್ಳೆಯ ಸೆಲ್ಲಿನಲ್ಲಿ ಸುಮಾರು 3500 ಮಿಲಿಆಂಪಿಯರ್-ಗಂಟೆ ಹಿಡಿಯುತ್ತದೆ, ಅದನ್ನು 3.7 ವೋಲ್ಟಿನಿಂದ ಗುಣಿಸಿದರೆ 13 ವ್ಯಾಟ್-ಗಂಟೆ ಆಗುತ್ತದೆ. 1000 ಲುಮೆನ್ನಿಗೆ ಬೇಕಾದದ್ದು 10 ವ್ಯಾಟ್. ಅಂದಮೇಲೆ ಪೂರ್ಣ ಬೆಳಕಿನಲ್ಲಿ ಅದು ಉರಿಯುವುದು ಒಂದು ಗಂಟೆಗಿಂತ ತುಸು ಹೆಚ್ಚು ಅಷ್ಟೇ. ಹತ್ತು ಗಂಟೆ ಎಂಬುದು ನಿಜವಾಗಬೇಕಾದರೆ ಬೆಳಕು ನೂರು ಲುಮೆನ್ನಿನ ಸುತ್ತಮುತ್ತ ಇರಬೇಕು. ಇದೇ ಗಾತ್ರದ ಸೆಲ್ಲಿನ ಮೇಲೆ 9900 ಮಿಲಿಆಂಪಿಯರ್-ಗಂಟೆ ಎಂದು ಅಚ್ಚಾಗಿದ್ದರೆ ಅದನ್ನು ಮುಟ್ಟಲೇಬಾರದು. ಒಂದು ಸಂಖ್ಯೆಯಲ್ಲಿ ಇಷ್ಟು ರಾಜಾರೋಷವಾಗಿ ಸುಳ್ಳು ಹೇಳಿದವರು ಸೆಲ್ಲಿನ ಸುರಕ್ಷತೆಯಲ್ಲಿ ಪ್ರಾಮಾಣಿಕವಾಗಿರುತ್ತಾರೆಂದು ನಂಬಲು ಕಾರಣವಿಲ್ಲ. ಪ್ಲಾಸ್ಟಿಕ್ ಮೈಯ ಪುಟ್ಟ ದೀಪ ಭಾರಿ ಬೆಳಕಿನ ಭರವಸೆ ಕೊಟ್ಟರೂ ಅನುಮಾನಿಸಬೇಕು. ಎಲ್‌ಇಡಿಯ ಬಿಸಿ ಹೊರಹೋಗಲು ಲೋಹದ ಮೈ ಬೇಕು, ಇಲ್ಲದಿದ್ದರೆ ದೀಪ ಕೆಲವೇ ನಿಮಿಷಗಳಲ್ಲಿ ತನ್ನನ್ನು ತಾನೇ ಮಂದಗೊಳಿಸಿಕೊಳ್ಳುತ್ತದೆ, ಇಲ್ಲವೇ ಸುಟ್ಟುಹೋಗುತ್ತದೆ.

ಉರಿಯುವ ಅವಧಿಯನ್ನು ಹೇಳುವ ಕ್ರಮದಲ್ಲೂ ಎಚ್ಚರ ಬೇಕು. ಟಾರ್ಚುಗಳಿಗೆಂದು ಅಮೆರಿಕದಲ್ಲಿ 2009ರಲ್ಲಿ ರೂಪುಗೊಂಡ ಎಫ್‌ಎಲ್ 1 ಮಾನದಂಡದ ಪ್ರಕಾರ, ಬೆಳಕು ಮೊದಲಿದ್ದ ಮಟ್ಟದ ಹತ್ತನೇ ಒಂದು ಭಾಗಕ್ಕೆ ಇಳಿಯುವ ತನಕದ ಸಮಯವನ್ನೆಲ್ಲ ಉರಿಯುವ ಅವಧಿ ಎಂದೇ ಲೆಕ್ಕಕ್ಕೆ ಹಿಡಿಯುತ್ತಾರೆ. ಸೈಕಲ್ ಸವಾರರಿಗೆ ಆ ಕೊನೆಯ ಮಿಣುಕು ಬೆಳಕಿನಿಂದ ಉಪಯೋಗವಿಲ್ಲ. ಹೊಸ ದೀಪ ತಂದ ದಿನವೇ ಪೂರ್ತಿ ಚಾರ್ಜ್ ಮಾಡಿ, ಫ್ಯಾನಿನ ಗಾಳಿ ತಾಗುವಂತೆ ಇಟ್ಟು, ನಾವು ನಿತ್ಯ ಬಳಸಲಿರುವ ಮಟ್ಟದಲ್ಲಿ ಉರಿಸಿ, ಅದು ಕಣ್ಣಿಗೆ ಕಾಣುವಷ್ಟು ಮಂಕಾಗುವುದು ಯಾವಾಗ ಎಂದು ಗಡಿಯಾರ ನೋಡಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ನಮ್ಮ ನಿತ್ಯದ ಸವಾರಿಯ ಎರಡು ಪಟ್ಟು ಸಮಯ ಅದು ತಾಳಿದರೆ ನಿಶ್ಚಿಂತೆ, ಏಕೆಂದರೆ ಕೆಲವು ನೂರು ಸಲ ಚಾರ್ಜ್ ಆದ ಮೇಲೆ ಲಿಥಿಯಂ ಬ್ಯಾಟರಿಯ ಸಾಮರ್ಥ್ಯ ಇಳಿಯುವುದು ಖಚಿತ.

ಬ್ಯಾಟರಿ ಒಳಗೇ ಸೇರಿಕೊಂಡಿರುವ ದೀಪವೋ, ಸೆಲ್ ಬದಲಿಸಬಹುದಾದ ದೀಪವೋ ಎಂಬ ಚರ್ಚೆ ಹಳೆಯದು. ಒಳಗೇ ಸೇರಿದ ದೀಪ ಹಗುರ, ಚಾರ್ಜ್ ಮಾಡುವುದೂ ಸುಲಭ. ಆದರೆ ಬ್ಯಾಟರಿ ಸತ್ತ ದಿನ ದೀಪವೇ ಕಸವಾಗುತ್ತದೆ. ಪೆನ್‌ಸೆಲ್ ಹಾಕುವ ದೀಪಕ್ಕೆ ಮರುಚಾರ್ಜ್ ಆಗುವ ನಿಕಲ್-ಲೋಹ ಹೈಡ್ರೈಡ್ ಸೆಲ್‌ಗಳನ್ನು ಬಳಸಿದರೆ ವರ್ಷಗಟ್ಟಲೆ ಖರ್ಚು ಬರುವುದಿಲ್ಲ, ದಾರಿಯಲ್ಲಿ ಬೆಳಕು ಹೋದರೂ ಜೇಬಿನಲ್ಲಿರುವ ಬೇರೆ ಜೊತೆಯನ್ನು ಹಾಕಿಕೊಳ್ಳಬಹುದು. ಇವು 1.5ರ ಬದಲು 1.2 ವೋಲ್ಟ್ ಕೊಡುವುದರಿಂದ ಕೆಲವು ದೀಪಗಳಲ್ಲಿ ಬೆಳಕು ಸ್ವಲ್ಪ ತಗ್ಗುತ್ತದೆ, ಅಷ್ಟೇ. ಇಂಥ ದೀಪಗಳ ನಿಜವಾದ ದೋಷ ಸೆಲ್ಲನ್ನು ಒತ್ತಿ ಹಿಡಿಯುವ ಸ್ಪ್ರಿಂಗಿನದು. ಸ್ಪ್ರಿಂಗು ಸಡಿಲವಾಗಿದ್ದರೆ ಚಕ್ರ ಹಳ್ಳಕ್ಕೆ ಇಳಿದ ಕ್ಷಣ ಸಂಪರ್ಕ ತಪ್ಪಿ ದೀಪ ಆರುತ್ತದೆ. ಹಿಂದೀಪವಾದರೆ ಅದು ಆರಿದ್ದು ಸವಾರರಿಗೆ ಗೊತ್ತೇ ಆಗುವುದಿಲ್ಲ. ಕೊಳ್ಳುವ ಮೊದಲು ದೀಪವನ್ನು ಹೊತ್ತಿಸಿ ಅಂಗೈಗೆ ನಾಲ್ಕು ಸಲ ಜೋರಾಗಿ ತಟ್ಟಿ ನೋಡಬೇಕು. ಒಮ್ಮೆಯಾದರೂ ಬೆಳಕು ತತ್ತರಿಸಿದರೆ ಅಂಥದ್ದನ್ನು ಅಲ್ಲಿಯೇ ಬಿಟ್ಟುಬರುವುದು ವಾಸಿ. ಗುಂಡುಬಿಲ್ಲೆಯಂಥ ಪುಟ್ಟ ಸೆಲ್ಲಿನ ದೀಪಗಳನ್ನು ಚೀಲದಲ್ಲಿ ಆಪತ್ಕಾಲಕ್ಕೆಂದು ಇಟ್ಟುಕೊಳ್ಳಬಹುದೇ ಹೊರತು ನಿತ್ಯ ನೆಚ್ಚುವಂತಿಲ್ಲ.

ಇನ್ನು ಹಿಂದೀಪ. ಒಂದೇ ದೀಪಕ್ಕೆ ಒಳ್ಳೆಯ ಹಣ ಕೊಡಲು ಸಾಧ್ಯ ಎನ್ನುವವರಿಗೆ, ಬೀದಿದೀಪವಿರುವ ದಾರಿಯಲ್ಲಿ ಓಡಾಡುವವರಾದರೆ, ಆ ಹಣವನ್ನು ಹಿಂದೀಪಕ್ಕೇ ಹಾಕಿ, ಮುಂದಕ್ಕೆ ಸರಳವಾದದ್ದೊಂದನ್ನು ಕಟ್ಟಿಕೊಳ್ಳಿ ಎಂದು ನಾನು ಹೇಳುತ್ತೇನೆ. ಎದುರಿನ ಅಪಾಯವನ್ನು ನಾವು ಕಂಡು ಪಕ್ಕಕ್ಕೆ ಸರಿಯಬಹುದು. ಬೆನ್ನ ಹಿಂದಿನದಕ್ಕೆ ನಮ್ಮ ಪರವಾಗಿ ಎಚ್ಚರವಿರುವುದು ಆ ದೀಪ ಮಾತ್ರ. ಹಿಂದೀಪಕ್ಕೆ ನೂರಾರು ಲುಮೆನ್ ಬೇಡ. ಅದು ನೇರ ಹಿಂದಕ್ಕೆ ಮಾತ್ರವಲ್ಲದೆ ಎಡಬಲಗಳಿಗೂ ಕಾಣುವಂತಿರಬೇಕು, ಏಕೆಂದರೆ ತಿರುವಿನಲ್ಲೂ ಅಡ್ಡರಸ್ತೆಯ ಬಾಯಲ್ಲೂ ವಾಹನಗಳು ನಮ್ಮನ್ನು ಓರೆಯಾಗಿಯೇ ನೋಡುತ್ತವೆ. ಅಂಗಡಿಯಲ್ಲಿ ದೀಪವನ್ನು ಪೂರ್ತಿ ಪಕ್ಕಕ್ಕೆ ತಿರುಗಿಸಿದಾಗಲೂ ಕೆಂಪು ಕಾಣುತ್ತದೆಯೇ ಎಂದು ನೋಡಿಕೊಳ್ಳಿ. ಕಟ್ಟಿದ ಮೇಲೆ ಸೈಕಲ್ಲನ್ನು ನಿಲ್ಲಿಸಿ, ನಿತ್ಯದ ಚೀಲವನ್ನು ಕ್ಯಾರಿಯರಿನ ಮೇಲಿಟ್ಟು, ಯಾರನ್ನಾದರೂ ಸೀಟಿನ ಮೇಲೆ ಕೂರಿಸಿ, ನೂರು ಹೆಜ್ಜೆ ಹಿಂದಕ್ಕೆ ನಡೆದು ತಿರುಗಿ ನೋಡಿ. ಸೀಟಿನ ಕಂಬಕ್ಕೆ ಕಟ್ಟಿದ ಎಷ್ಟೋ ದೀಪಗಳು ಚೀಲದ ಮರೆಗೋ ಅಂಗಿಯ ಅಂಚಿನ ಮರೆಗೋ ಹೋಗಿರುತ್ತವೆ. ಹಾಗಾದರೆ ದೀಪವನ್ನು ಕ್ಯಾರಿಯರಿನ ಹಿಂಬದಿಗೋ ಮಡ್‌ಗಾರ್ಡಿಗೋ ಸರಿಸಬೇಕು.

ಮಿನುಗುವ ಬೆಳಕು ಮೇಲೋ ಸ್ಥಿರ ಬೆಳಕು ಮೇಲೋ ಎಂಬುದರಲ್ಲಿ ದೇಶಗಳ ನಡುವೆಯೇ ಒಮ್ಮತವಿಲ್ಲ. ಜರ್ಮನಿಯಲ್ಲಿ ಸೈಕಲ್ಲಿನ ಮುಂದೀಪ, ಹಿಂದೀಪಗಳು ಮಿನುಗುವಂತಿಲ್ಲ. ಬ್ರಿಟನ್ 2005ರಿಂದ ನಿಮಿಷಕ್ಕೆ 60ರಿಂದ 240 ಸಲ ಮಿನುಗುವ ದೀಪಗಳಿಗೆ ಅವಕಾಶ ಕೊಟ್ಟಿದೆ. ಮಿನುಗುವ ದೀಪ ಬೇಗ ಗಮನ ಸೆಳೆಯುತ್ತದೆ ಎಂಬುದು ನಿಜ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. ಆದರೆ ಅದು ಎಷ್ಟು ದೂರದಲ್ಲಿದೆ, ಎಷ್ಟು ವೇಗದಲ್ಲಿ ಸಾಗುತ್ತಿದೆ ಎಂದು ಅಂದಾಜು ಮಾಡುವುದು ಕಷ್ಟ. ಹಿಂದೆ ಎರಡು ಅಗ್ಗದ ದೀಪಗಳನ್ನು ಕಟ್ಟಿ, ಒಂದನ್ನು ಸ್ಥಿರವಾಗಿಯೂ ಇನ್ನೊಂದನ್ನು ಮಿನುಗುವಂತೆಯೂ ಇಡುವುದು ನನಗೆ ಒಪ್ಪಿಗೆಯಾದ ಮಾರ್ಗ. ಒಂದು ಕೈಕೊಟ್ಟರೆ ಇನ್ನೊಂದು ಉಳಿದಿರುತ್ತದೆ. ಮುಂದೀಪ ಮಾತ್ರ ಕತ್ತಲ ದಾರಿಯಲ್ಲಿ ಸ್ಥಿರವಾಗಿಯೇ ಇರಲಿ. ಮಿನುಗುವ ಬೆಳಕಿನಲ್ಲಿ ನೆಲದ ಏರುತಗ್ಗು ತಿಳಿಯುವುದಿಲ್ಲ.

ಬ್ಯಾಟರಿಯೇ ಬೇಡದ ಬೆಳಕು ಪ್ರತಿಫಲಕದ್ದು. ವಾಹನದ ದೀಪ ತನ್ನ ಮೇಲೆ ಬಿದ್ದಾಗ ಅದು ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸಿ ಕಳುಹಿಸುತ್ತದೆ. ಬೆಳಕು ಬೀಳದಿದ್ದರೆ ಅದು ಇದ್ದೂ ಇಲ್ಲದಂತೆ, ಆದ್ದರಿಂದ ದೀಪಕ್ಕೆ ಬದಲಿಯಲ್ಲ. ಆದರೂ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ರಕ್ಷಣೆ ಕೊಡುವ ವಸ್ತು ಸೈಕಲ್ಲಿನಲ್ಲಿ ಇನ್ನೊಂದಿಲ್ಲ. ವಿಶೇಷವಾಗಿ ಪೆಡಲ್ಲಿನ ಮೇಲಿನವು, ಕಣಕಾಲಿಗೆ ಸುತ್ತುವ ಪಟ್ಟಿಗಳು ಬಹಳ ಪರಿಣಾಮಕಾರಿ. ಕತ್ತಲಲ್ಲಿ ಕೀಲುಗಳ ಮೇಲಿನ ಕೆಲವೇ ಬೆಳಕಿನ ಚುಕ್ಕೆಗಳ ಚಲನೆಯಿಂದ ಅದು ಮನುಷ್ಯ ಎಂದು ನೋಡುವವರು ಕೂಡಲೇ ಗುರುತಿಸಬಲ್ಲರು ಎಂಬುದನ್ನು ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಯೋಹಾನ್ಸನ್ 1973ರಲ್ಲಿ ತೋರಿಸಿಕೊಟ್ಟರು. ಮೇಲೆ ಕೆಳಗೆ ಆಡುವ ಎರಡು ಹೊಳಪುಗಳು ಅಲ್ಲೊಬ್ಬರು ಸೈಕಲ್ ತುಳಿಯುತ್ತಿದ್ದಾರೆ ಎಂಬುದನ್ನೇ ಹೇಳಿಬಿಡುತ್ತವೆ. ಕಣ್ಣು ಕುಕ್ಕುವ ಹಳದಿ-ಹಸಿರು ಅಂಗಿಯನ್ನು ರಾತ್ರಿಗೆಂದು ಕೊಳ್ಳುವುದು ಮಾತ್ರ ವ್ಯರ್ಥ. ಆ ಬಣ್ಣ ಹೊಳೆಯುವುದು ಹಗಲಿನ ಬೆಳಕಿನಲ್ಲಿರುವ ನೇರಳಾತೀತ ಕಿರಣಗಳಿಂದ. ಇರುಳಿನಲ್ಲಿ ಕೆಲಸ ಮಾಡುವುದು ಅದರ ಮೇಲೆ ಹೊಲಿದಿರುವ ಬೂದುಬಣ್ಣದ ಪ್ರತಿಫಲಕ ಪಟ್ಟಿ ಮಾತ್ರ.

ನೀರಿನ ವಿಷಯ ಚಿಕ್ಕದು. ನೀರು ತಡೆಯುವ ಮಟ್ಟ ಹೇಳುವ ಗುರುತು ಐಪಿಎಕ್ಸ್4 ಎಂದಿದ್ದರೆ ಎಲ್ಲ ಕಡೆಯಿಂದ ಎರಚುವ ನೀರನ್ನು ತಡೆಯುತ್ತದೆ, ಸಾಧಾರಣ ಮಳೆಗೆ ಅಷ್ಟು ಸಾಕು. ಐಪಿಎಕ್ಸ್7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ. ಯಾವ ಗುರುತಿದ್ದರೂ ಚಾರ್ಜಿನ ಕಿಂಡಿಯನ್ನು ಮುಚ್ಚುವ ರಬ್ಬರಿನ ನಾಲಿಗೆಯನ್ನು ಉಗುರಿನಿಂದ ಎತ್ತಿ ನೋಡಬೇಕು. ಅದು ದಪ್ಪವಾಗಿದ್ದು, ಕಿಂಡಿಯೊಳಕ್ಕೆ ಬಿಗಿಯಾಗಿ ಕೂತು, ಬುಡದಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡಿದ್ದರೆ ದೀಪ ಬಾಳುತ್ತದೆ. ತೆಳ್ಳಗಿನ ನಾಲಿಗೆ ಕೆಲವು ತಿಂಗಳಲ್ಲೇ ಹರಿದು ಹೋಗಿ ನೀರಿಗೆ ದಾರಿ ಮಾಡಿಕೊಡುತ್ತದೆ. ಹ್ಯಾಂಡಲ್ಲಿಗೆ ಸುತ್ತುವ ರಬ್ಬರ್ ಪಟ್ಟಿಯನ್ನೂ ಎಳೆದು ನೋಡಿ. ಬಿಸಿಲಿಗೆ ಒಣಗಿ ಬಿರುಕು ಬಿಡುವ ಭಾಗ ಅದೇ.

ಉಪನ್ಯಾಸದ ಕೊನೆಯಲ್ಲಿ ಸಭಿಕರೊಬ್ಬರು, ಚಕ್ರದ ತಿರುಗುವಿಕೆಯಿಂದ ವಿದ್ಯುತ್ ಹುಟ್ಟಿಸುವ ಡೈನಮೊದ ಕಾಲ ಮುಗಿಯಿತೇ ಎಂದು ಕೇಳಿದರು. ಮುಗಿದಿಲ್ಲ. ಟೈರಿಗೆ ಒತ್ತಿ ತಿರುಗುವ ಹಳೆಯ ಡೈನಮೊ ಮಳೆಯಲ್ಲಿ ಜಾರುತ್ತದೆ, ತುಳಿಯುವವರಿಗೆ ಭಾರವೆನಿಸುತ್ತದೆ. ಮುಂಗಾಲಿಯ ನಡುವಿನ ಗುಂಬದೊಳಗೇ (ಹಬ್) ಕೂರುವ ಡೈನಮೊಗೆ ಈ ತೊಂದರೆಗಳಿಲ್ಲ. ಸಾಮಾನ್ಯವಾಗಿ ಅದು 6 ವೋಲ್ಟಿನಲ್ಲಿ 3 ವ್ಯಾಟ್ ಕೊಡುತ್ತದೆ. ಹಿಂದೆ ಅದರಲ್ಲಿ 2.4 ವ್ಯಾಟ್ ಮುಂದಿನ ಬಲ್ಬಿಗೆ, 0.6 ವ್ಯಾಟ್ ಹಿಂದಿನ ಬಲ್ಬಿಗೆ ಹೋಗುತ್ತಿತ್ತು. ತಂತಿಯ ಬಲ್ಬಿನ ಕಾಲದಲ್ಲಿ ಮಂಕಾದ ಹಳದಿ ಬೆಳಕಷ್ಟೇ ಹುಟ್ಟುತ್ತಿದ್ದ ಅದೇ ಮೂರು ವ್ಯಾಟಿನಿಂದ ಇಂದಿನ ಎಲ್‌ಇಡಿ ಕತ್ತಲ ದಾರಿಗೆ ಸಾಲುವಷ್ಟು ಬೆಳಕು ಕೊಡುತ್ತದೆ, ಸೈಕಲ್ ನಿಂತಾಗಲೂ ವಿದ್ಯುತ್ತನ್ನು ಕೂಡಿಡುವ ಒಳಗಿನ ಕೆಪ್ಯಾಸಿಟರಿನಿಂದ ಕೆಲವು ನಿಮಿಷ ಸಣ್ಣದಾಗಿ ಉರಿಯುತ್ತಿರುತ್ತದೆ. ಮೊದಲ ಖರ್ಚು ಮಾತ್ರ ದೊಡ್ಡದು, ಚಕ್ರವನ್ನೇ ಹೊಸದಾಗಿ ಕಟ್ಟಿಸಬೇಕಾಗುತ್ತದೆ. ಅಪರೂಪಕ್ಕೊಮ್ಮೆ ಇರುಳಿನಲ್ಲಿ ಹೊರಡುವವರಿಗೆ ಅದು ಬೇಡ. ವರ್ಷವಿಡೀ, ನಿತ್ಯವೂ ಕತ್ತಲಲ್ಲಿ ಹೋಗಿ ಬರುವವರು ಬದಲಾಯಿಸಬೇಕಾಗುವ ಬ್ಯಾಟರಿ ದೀಪಗಳ ಲೆಕ್ಕವನ್ನೂ ಸೇರಿಸಿ ನೋಡಿದರೆ, ಮುಂದಿನ ಸಲ ಮುಂಗಾಲಿ ಹಾಳಾಗಿ ಹೊಸದು ಕಟ್ಟಿಸುವ ಸಂದರ್ಭ ಬಂದಾಗ ಅದಕ್ಕೆ ಡೈನಮೊ ಗುಂಬವನ್ನೇ ಹಾಕಿಸಿಕೊಳ್ಳುವುದು ಅವರಿಗೆ ಅಗ್ಗವಾಗಿ ಪರಿಣಮಿಸುತ್ತದೆ.